ರಿಪೋರ್ಟ್ ನಾರ್ಮಲ್ ಅಂತೆ, ಮನಸ್ಸು ಮಾತ್ರ ಮೇಲೇಳುತ್ತಿಲ್ಲ

ಸೀಮೆಸುಣ್ಣ | ಭಾನುವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದವನು, ಬರೆಯುತ್ತಿರುವುದು ಇದೇ ಮೊದಲು. ವಯಸ್ಸು 36. ಅರಸೀಕೆರೆ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳು ಉರಿದು ಹುಣ್ಣಾಗುವ ಕಾಯಿಲೆ, ಅಂತ ಗೊತ್ತಾಗಿ ಆರು ವರ್ಷ ಆಯಿತು. ಮೆಸಲಮೈನ್ ಮಾತ್ರೆ ದಿನಾ ನುಂಗುತ್ತೇನೆ. ಹೋದ ದೀಪಾವಳಿ ಹೊತ್ತಿಗೆ ಜೋರಾಗಿ ಕೆರಳಿತ್ತು. ದಿನಕ್ಕೆ ಹತ್ತು ಹನ್ನೆರಡು ಸಲ, ರಕ್ತ ಬೇರೆ. ಸ್ಟೀರಾಯ್ಡ್ ಕೊಟ್ಟರು, ಹಿಡಿತಕ್ಕೆ ಬಂತು, ಆಮೇಲೆ ಸ್ಟೀರಾಯ್ಡನ್ನೂ ಮೆಲ್ಲಗೆ ಇಳಿಸುತ್ತಾ ನಿಲ್ಲಿಸಿದರು.

ವಿಷಯ ಅದಲ್ಲ. ಹದಿನೈದು ದಿನದ ಹಿಂದೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿದೆ, ಕರುಳಿನಲ್ಲಿ ಉರಿಯೂತ ಇದೆಯಾ ಅಂತ ನೋಡುವುದು. ನಾರ್ಮಲ್ ಬಂತು. ಬೆಂಗಳೂರಿನ ಡಾಕ್ಟರಿಗೆ ಖುಷಿಯೋ ಖುಷಿ. "ಮೇಷ್ಟ್ರೇ, ಕರುಳು ತಣ್ಣಗಿದೆ, ಇನ್ನು ಆರು ತಿಂಗಳು ನನ್ನ ಮುಖ ನೋಡಬೇಡಿ" ಅಂದರು. ಮನೆಯವಳು ಶಾವಿಗೆ ಪಾಯಸ ಮಾಡಿದಳು. ನಾನು ಎರಡು ಚಮಚ ತಿಂದು, ತಾರಸಿಗೆ ಹೋಗಿ, ನೀರಿನ ಟ್ಯಾಂಕಿನ ಹಿಂದೆ ಕೂತು ಅತ್ತೆ. ಯಾಕೆ ಅಂತ ನನಗೂ ಗೊತ್ತಿಲ್ಲ.

ಈಗ ದಿನಕ್ಕೆ ಎರಡೇ ಸಲ ಹೋಗುವುದು. ಆದರೂ ನಾಲ್ಕೂವರೆಗೆ ಏಳುತ್ತೇನೆ. ಬಸ್ಸಿಗೆ ಮುಂಚೆ ಹೊಟ್ಟೆ ಪೂರ್ತಿ ಖಾಲಿ ಆಗಬೇಕು ಅಂತ ಕೂರುತ್ತೇನೆ. ಏನೂ ಇರುವುದಿಲ್ಲ, ಆದರೂ ಕೂರುತ್ತೇನೆ. ಎರಡು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿಗೆ ತ್ರಿಭುಜಗಳ ಸರ್ವಸಮತೆ ಹೇಳಿಕೊಡುತ್ತಿದ್ದಾಗ ಅರ್ಧಕ್ಕೇ ಬಿಟ್ಟು ಓಡಿದೆ. ನಮ್ಮ ಶಾಲೆಯ ಶೌಚಾಲಯ ಮೈದಾನದ ಆ ತುದಿಗೆ. ತಲುಪಿದೆ, ಆದರೆ ಹೊತ್ತಿಗೆ ಸರಿಯಾಗಿ ಅಲ್ಲ. ಇಷ್ಟು ಸಾಕು, ನಿಮಗೆ ಅರ್ಥವಾಗುತ್ತದೆ. ಅವತ್ತಿನಿಂದ ನನ್ನ ಚೀಲದಲ್ಲಿ ಇನ್ನೊಂದು ಪ್ಯಾಂಟ್ ಇರುತ್ತದೆ. ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಹೆಂಡತಿಗೂ ಪೂರ್ತಿ ಹೇಳಿಲ್ಲ.

ಸಂಜೆ ವಾಲಿಬಾಲ್ ಬಿಟ್ಟೆ. ಮದುವೆ, ಗೃಹಪ್ರವೇಶ ಬಿಟ್ಟೆ. ಮಕ್ಕಳ ನೋಟ್‌ಬುಕ್ ತಿದ್ದುವುದು ಬಾಕಿ ಬಿದ್ದಿದೆ, ಅದು ನನ್ನ ಸ್ವಭಾವವೇ ಅಲ್ಲ. ಕಾಯಿಲೆ ಸುಮ್ಮನಿದ್ದಾಗಲೂ ಹೀಗೆ ಆಗುತ್ತದಾ? ಇಲ್ಲಾ ನಾನೇ ಸೋಮಾರಿ ಆಗಿಬಿಟ್ಟೆನಾ?

ಜೋಳದ ರೊಟ್ಟಿ | ಸೋಮವಾರ ಬೆಳಿಗ್ಗೆ 5:50

ಮೇಷ್ಟ್ರ, ಹೆಚ್ಚಿನ ಪ್ಯಾಂಟು ಇಟ್ಟುಕೊಂಡು ತಿರುಗುವವರು ನೀವೊಬ್ಬರೇ ಅಲ್ಲ ನೋಡ್ರಿ. ನಂದು ಗದಗ-ಹುಬ್ಬಳ್ಳಿ ಗೂಡ್ಸ್ ಗಾಡಿ. ಸೀಟಿನ ಹಿಂದೆ ಒಂದು ಪ್ಯಾಂಟು, ಒಂದು ಟವೆಲ್ಲು, ಎರಡು ಲೀಟರ್ ನೀರು, ಒಂದು ಸಾಬೂನು. ಕ್ಲೀನರ್ ಹುಡುಗ ಮೊದಲ ದಿನ "ಅಣ್ಣಾ, ಊರು ಬಿಟ್ಟು ಹೊಂಟೀರೇನು" ಅಂತ ಕೇಳಿದ್ದ.

ಸೋಮಾರಿ ಆದವನು ನಾಲ್ಕೂವರೆಗೆ ಏಳುವುದಿಲ್ಲ. ಅಷ್ಟು ತಿಳಿದುಕೊಳ್ಳಿ ಸದ್ಯಕ್ಕೆ. ಲೋಡ್ ಐತಿ, ಸಂಜೆ ಬರೆಯುತ್ತೇನೆ.

ಕೊಡಚಾದ್ರಿ | ಸೋಮವಾರ ಬೆಳಿಗ್ಗೆ 9:15

ಸರ್, ನಿಮ್ಮ ಪ್ರಶ್ನೆಗೆ ನೇರ ಉತ್ತರ: ಆಗುತ್ತದೆ. ನನಗೆ ಅತಿ ಕೆಟ್ಟ ಕಾಲ ಬಂದಿದ್ದು ಕಾಯಿಲೆ ತಣ್ಣಗಾದ ಮೇಲೆಯೇ.

ನನ್ನದು ಕ್ರೋನ್ಸ್, ನಿಮ್ಮ ಕಾಯಿಲೆಯ ಜಾತಿಯದ್ದೇ, ಸಣ್ಣ ಕರುಳಿನ ಕೊನೆಯಲ್ಲಿ. 23ಕ್ಕೆ ಶುರುವಾಯಿತು. ಮೊದಲು ಕರುಳಿನ ಟಿಬಿ ಅಂತ ಆರು ತಿಂಗಳು ಟಿಬಿ ಮಾತ್ರೆ ತಿಂದೆ. ನಮ್ಮ ದೇಶದಲ್ಲಿ ಇದು ತುಂಬಾ ಜನರ ಕಥೆ. ಎರಡೂ ಅದೇ ಜಾಗದಲ್ಲಿ ಹುಣ್ಣು ಮಾಡುತ್ತವೆ, ಬಯಾಪ್ಸಿಯಲ್ಲೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ನಾನು ಆ ಡಾಕ್ಟರನ್ನು ಬೈಯುವುದಿಲ್ಲ. ಆದರೆ ಆ ಆರು ತಿಂಗಳಲ್ಲಿ ಮನೆಯಲ್ಲಿ ನನಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದರು. ಕರುಳಿನ ಟಿಬಿ ತಟ್ಟೆ ಲೋಟದಿಂದ ಅಂಟುವುದಿಲ್ಲ ಅಂತ ಯಾರಿಗೂ ಹೊಳೆಯಲಿಲ್ಲ. ಕ್ರೋನ್ಸ್ ಅಂತ ಗೊತ್ತಾದ ಮೇಲೂ ಆ ಲೋಟ ಒಳಗೆ ಬರಲು ವರ್ಷ ಹಿಡಿಯಿತು.

ಜ್ವರ ಬಂದವನಿಗೆ ಕೆಲಸ ಇರುತ್ತದೆ. ಮಾತ್ರೆ, ರಕ್ತ ಪರೀಕ್ಷೆ, ಸ್ಕ್ಯಾನ್, ಗಂಜಿ, ಮತ್ತೆ ಮಾತ್ರೆ. ಜ್ವರ ಬಿಟ್ಟವನಿಗೆ ಏನೂ ಇಲ್ಲ. ಆಗ ಕೂತು ನೋಡಿದರೆ ಹೋದ ವರ್ಷಗಳೆಲ್ಲ ಒಟ್ಟಿಗೆ ಕಾಣುತ್ತವೆ. ಬಿಟ್ಟ ಎಂ.ಎ., ತಪ್ಪಿದ ಸಂಬಂಧ, ಗೆಳತಿಯರ ಮದುವೆಯಲ್ಲಿ ಊಟಕ್ಕೆ ಕೂರದೆ ವಾಪಸ್ ಬಂದಿದ್ದು. ಅವೆಲ್ಲಕ್ಕೂ ಅಳಲು ಆಗ ಪುರುಸೊತ್ತು ಇರಲಿಲ್ಲ. ಈಗ ಇದೆ. ನೀವು ಟ್ಯಾಂಕಿನ ಹಿಂದೆ ಅತ್ತಿದ್ದು ಅದೇ ಇರಬೇಕು ಅಂತ ನನಗೆ ಅನಿಸುತ್ತದೆ.

ಆರೋಗ್ಯವೇ ಭಾಗ್ಯ | ಸೋಮವಾರ ಮಧ್ಯಾಹ್ನ 1:05

ಎಲ್ಲಾ ಟೆನ್ಷನ್ನಿನಿಂದ ಬರುವುದು. ಇಂಗ್ಲಿಷ್ ಮಾತ್ರೆ ತಿಂದು ತಿಂದು ಕರುಳು ಸುಟ್ಟುಹೋಗಿರುತ್ತದೆ. 21 ದಿನ ಮಾತ್ರೆ ಬಿಟ್ಟು ದಾಳಿಂಬೆ ಸಿಪ್ಪೆ ಕಷಾಯ, ಹಳೇ ಅಕ್ಕಿ ಅನ್ನ, ಬೆಳಿಗ್ಗೆ ಪ್ರಾಣಾಯಾಮ ಮಾಡಿ. ಮನಸ್ಸು ಗಟ್ಟಿ ಇದ್ದರೆ ಯಾವ ರೋಗವೂ ಇಲ್ಲ. ನನ್ನ ಷಡ್ಡಕನಿಗೆ ಹೊಟ್ಟೆ ಕೆಟ್ಟಿದ್ದು ಹೀಗೇ ಹೋಯಿತು.

ಎರಡನೇ ಪಾಳಿ | ಸೋಮವಾರ ಮಧ್ಯಾಹ್ನ 2:40

ನಾನು ಮಂಗಳೂರು ಕಡೆ ನರ್ಸ್. ಹೊಟ್ಟೆ ವಾರ್ಡಿನಲ್ಲಿ ಒಂಬತ್ತು ವರ್ಷ. ಮೊದಲು ಮೇಲಿನವರಿಗೆ ಎರಡು ಮಾತು.

ನಿಮ್ಮ ಷಡ್ಡಕನಿಗೆ ಇದ್ದಿದ್ದು ಬಹುಶಃ ಐಬಿಎಸ್, ಅಂದರೆ ಹುಣ್ಣಿಲ್ಲದೆ ಹೊಟ್ಟೆ ಕೆಡುವುದು, ಅಥವಾ ಬರೀ ಆಮಶಂಕೆ. ಇಲ್ಲಿ ಮಾತಾಡುತ್ತಿರುವುದು ಐಬಿಡಿ, ಕೊಲೈಟಿಸ್, ಕ್ರೋನ್ಸ್ ಎರಡೂ ಅದರಲ್ಲೇ ಬರುತ್ತವೆ. ಹೆಸರು ಹತ್ತಿರ, ಕಾಯಿಲೆ ಬೇರೆ. ಇದರಲ್ಲಿ ಕರುಳಿನ ಗೋಡೆಯೇ ಉರಿದು ಹುಣ್ಣಾಗುತ್ತದೆ. ಪ್ರಾಣಾಯಾಮ ಮಾಡಲಿ, ಒಳ್ಳೆಯದೇ. ಮಾತ್ರೆ ಬಿಟ್ಟು ಅಂದಿರಲ್ಲ, ಅದೊಂದು ಮಾತು ವಾಪಸ್ ತೆಗೆದುಕೊಳ್ಳಿ. ಹಾಗೆ ಬಿಟ್ಟು ರಕ್ತ ಹರಿಸಿಕೊಂಡು ಸ್ಟ್ರೆಚರ್ ಮೇಲೆ ಬಂದವರನ್ನು ನಾನು ಒಳಗೆ ತಳ್ಳಿಕೊಂಡು ಹೋಗಿದ್ದೇನೆ.

ಈಗ ಮೇಷ್ಟ್ರಿಗೆ. ಮನಸ್ಸು ಕುಗ್ಗಿದೆ ಅಂದಾಗ ನಾವು ಮೊದಲು ರಕ್ತದ ಕಡೆ ನೋಡುತ್ತೇವೆ. ತಿಂಗಳುಗಟ್ಟಲೆ ರಕ್ತ ಹೋದವರಿಗೆ ಕಬ್ಬಿಣದ ಅಂಶ ಕಡಿಮೆ ಇರುತ್ತದೆ. ಕರುಳು ವಾಸಿಯಾದರೂ ಅದು ತಾನಾಗಿ ತುಂಬಿಕೊಳ್ಳುವುದು ನಿಧಾನ. ಹಿಮೋಗ್ಲೋಬಿನ್ ಒಂದೇ ಸಾಲದು, ಫೆರಿಟಿನ್ ಕೇಳಿ, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಅದು ಹೇಳುತ್ತದೆ. ಜೊತೆಗೆ ಬಿ12, ಡಿ ವಿಟಮಿನ್, ಥೈರಾಯ್ಡ್. ಕೊಡಚಾದ್ರಿಯವರ ಹಾಗೆ ಸಣ್ಣ ಕರುಳಿನ ಕೊನೆಯಲ್ಲಿ ಕಾಯಿಲೆ ಇದ್ದವರು ಬಿ12 ಮರೆಯಲೇಬಾರದು, ಅದು ಒಳಗೆ ಹೋಗುವ ಬಾಗಿಲೇ ಅಲ್ಲಿರುವುದು. ಸುಸ್ತು, ಮಂಕು, ಯಾವುದಕ್ಕೂ ಮನಸ್ಸಿಲ್ಲ ಅನ್ನುವುದರಲ್ಲಿ ಒಂದು ಪಾಲು ಇಲ್ಲಿಂದಲೇ ಬಂದಿರಬಹುದು.

ಆಮೇಲೆ ಸ್ಟೀರಾಯ್ಡ್. ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವಾಗ ಕೆಲವರು ರಾತ್ರಿ ಮೂರು ಗಂಟೆಗೆ ಎದ್ದು ಅಟ್ಟ ಗುಡಿಸುತ್ತಾರೆ. ಕೆಲವರು ಕಾರಣವಿಲ್ಲದೆ ಮನೆಯವರ ಮೇಲೆ ಎಗರಾಡುತ್ತಾರೆ. ಕೆಲವರು ಅಳುತ್ತಾರೆ. ಡೋಸ್ ಇಳಿಸುವಾಗಲೂ ಮನಸ್ಸು ಕುಸಿಯುವುದುಂಟು. ರಾತ್ರಿ ನಿದ್ದೆ ಕೆಡಬಾರದು ಅಂತಲೇ ಬೆಳಿಗ್ಗೆ, ತಿಂಡಿ ಆದ ಮೇಲೆ ತೆಗೆದುಕೊಳ್ಳಿ ಅನ್ನುವುದು. ಸದ್ಯ ಶುರು ಮಾಡಿರುವವರು ಯಾರಾದರೂ ಓದುತ್ತಿದ್ದರೆ, ಅದನ್ನು ಏಕಾಏಕಿ ಮಾತ್ರ ನಿಲ್ಲಿಸಬೇಡಿ.

ಇನ್ನು ಒಂದು ಪ್ರಶ್ನೆ. ಮುಜುಗರ ಆದರೂ ಕೇಳುತ್ತೇನೆ, ವಾರ್ಡಿನಲ್ಲೂ ಹೀಗೇ ಕೇಳುತ್ತೇನೆ. ಸಾಯಬೇಕು ಅಂತ ಅನಿಸುತ್ತದಾ?

ಸೀಮೆಸುಣ್ಣ | ಸೋಮವಾರ ರಾತ್ರಿ 10:30

ಸಿಸ್ಟರ್, ಈ ಪ್ರಶ್ನೆ ಓದಿ ಫೋನ್ ಕೆಳಗಿಟ್ಟೆ. ಊಟ ಮಾಡಿ ಮತ್ತೆ ತೆಗೆದೆ.

ಸಾಯಬೇಕು ಅಂತ ಇಲ್ಲ. ಬೆಳಿಗ್ಗೆ ಎಚ್ಚರವೇ ಆಗದಿದ್ದರೆ ಚೆನ್ನಾಗಿತ್ತು ಅಂತ ಅನಿಸಿದೆ. ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿಲ್ಲ. ಮಗಳಿಗೆ ಏಳು ವರ್ಷ.

ಇದನ್ನು ಯಾರಿಗೂ ಹೇಳಿರಲಿಲ್ಲ.

ಎರಡನೇ ಪಾಳಿ | ಸೋಮವಾರ ರಾತ್ರಿ 10:41

ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಷ್ಟ್ರೇ. ಅದನ್ನು ಸೋಮಾರಿತನ ಅನ್ನುವುದಿಲ್ಲ, ಡಾಕ್ಟರಿಗೆ ತೋರಿಸಬೇಕಾದ ಲಕ್ಷಣ ಅನ್ನುತ್ತಾರೆ. ನಿಮ್ಮ ಹೊಟ್ಟೆ ಡಾಕ್ಟರಿಗೆ ಇದೇ ಮಾತು ಹೇಳಿ. ರಕ್ತ ಹೋಗುತ್ತಿದೆ ಅಂತ ಹೇಳುವ ಹಾಗೆಯೇ ಹೇಳಿ.

ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಯೋಚನೆ 'ಎಚ್ಚರ ಆಗದಿದ್ದರೆ ಚೆನ್ನಾಗಿತ್ತು' ಅನ್ನುವುದರಿಂದ ಒಂದು ಹೆಜ್ಜೆ ಆಚೆ ಹೋದರೂ ಆ ಕ್ಷಣವೇ ಫೋನ್ ಮಾಡಿ. ಹೆಂಡತಿಯನ್ನು ಎಬ್ಬಿಸಿ.

ಇನ್ನೊಂದು. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇರುತ್ತದೆ, ಮನೋವೈದ್ಯರು ಬರುತ್ತಾರೆ. ಒಂದು ಮಾತು ಮೊದಲೇ ವಿಚಾರಿಸಿಕೊಂಡು ಹೋಗಿ.

ಅಡುಗೆಮನೆ ಕಿಟಕಿ | ಮಂಗಳವಾರ ಬೆಳಿಗ್ಗೆ 11:10

ನನಗೆ ಕಾಯಿಲೆ ಇಲ್ಲ. ನಮ್ಮ ಮನೆಯವರಿಗೆ ಇದೆ, ಎಂಟು ವರ್ಷದಿಂದ. ಮೇಷ್ಟ್ರೇ, ನಿಮ್ಮ ಹೆಂಡತಿಯ ಕಡೆಯಿಂದ ಮಾತಾಡುತ್ತೇನೆ, ಕೋಪ ಮಾಡಿಕೊಳ್ಳಬೇಡಿ.

ನಿಮಗೆ ಅನಿಸುತ್ತದೆ, ಅವಳಿಗೆ ಗೊತ್ತಿಲ್ಲ ಅಂತ. ಗೊತ್ತಿರುತ್ತದೆ. ಒಗೆಯುವವಳು ನಾನು. ನಮ್ಮವರು ಒಂದು ಪ್ಯಾಂಟನ್ನು ತಾವೇ ಒಗೆದು ಹಿತ್ತಲಿನ ತಂತಿಯ ಕೊನೆಗೆ ಹಾಕಿದ್ದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಕರವಸ್ತ್ರ ಒಗೆದವರಲ್ಲ. ನೋಡಿದೆ, ಸುಮ್ಮನಾದೆ. ಅವರೂ ಸುಮ್ಮನಾದರು. ಹೀಗೇ ಇಬ್ಬರೂ ಎರಡು ವರ್ಷ ಸುಮ್ಮನಿದ್ದೆವು. ನಾನು ಕೇಳಿದರೆ ಅವರಿಗೆ ಅವಮಾನ ಅಂತ ನಾನು. ಹೇಳಿದರೆ ನನಗೆ ಬೇಜಾರು ಅಂತ ಅವರು.

ನನಗೆ ಕೋಪ ಬರುತ್ತಿದ್ದುದು ಕಾಯಿಲೆ ಮೇಲಲ್ಲ. ಏನು ಮಾಡಿ ಬಡಿಸಿದರೂ ತಟ್ಟೆ ಸರಿಸಿ ಎದ್ದು ಹೋಗುತ್ತಿದ್ದರಲ್ಲ, ಅದಕ್ಕೆ. ನನ್ನ ಕೈಯಡುಗೆ ಬೇಡವಾಯಿತು, ನಾನೂ ಬೇಡವಾದೆ ಅಂತಲೇ ನಾನು ಅಂದುಕೊಂಡಿದ್ದೆ. ಅವರಿಗೆ ಹೊಟ್ಟೆಯ ಭಯ, ಜೊತೆಗೆ ಮನಸ್ಸಿನ ಮಂಕು ಅಂತ ಗೊತ್ತಾಗಿದ್ದು ಆಮೇಲೆ. ಹಾಸಿಗೆಯ ವಿಷಯವೂ ಅಷ್ಟೇ. ವಿವರ ಬರೆಯುವುದಿಲ್ಲ, ಮದುವೆಯಾದವರಿಗೆ ತಿಳಿಯುತ್ತದೆ.

ಒಂದು ದಿನ ಕರೆಂಟ್ ಹೋಗಿತ್ತು. ಕತ್ತಲಲ್ಲಿ ಕೂತಿದ್ದಾಗ ಅವರು ಹೇಳಿದರು, ಎಲ್ಲಾ ಹೇಳಿದರು. ಮುಖ ಕಾಣದಿದ್ದರಿಂದ ಸುಲಭವಾಯಿತು ಅಂತ ಆಮೇಲೆ ಅಂದರು. ನಿಮಗೂ ಎದುರಿಗೆ ಕೂತು ಹೇಳಲು ಕಷ್ಟ ಆದರೆ ದೀಪ ಆರಿಸಿ ಹೇಳಿ. ಇಲ್ಲವೇ ಇಲ್ಲಿ ಬರೆದಿದ್ದನ್ನೇ ಫೋನ್ ಕೊಟ್ಟು ಓದಿಸಿ.

ಕೊಡಚಾದ್ರಿ | ಮಂಗಳವಾರ ಮಧ್ಯಾಹ್ನ 12:02

ಹಿತ್ತಲಿನ ತಂತಿಯ ಕೊನೆ! ಅಕ್ಕಾ, ನಾನೂ ಅಲ್ಲೇ ಹಾಕುತ್ತಿದ್ದೆ.

ಮಳೆಯೂರು | ಮಂಗಳವಾರ ರಾತ್ರಿ 8:45

ಇಂಗ್ಲೆಂಡಿನ ಲೀಡ್ಸ್‌ನಿಂದ. ಊರು ಚನ್ನರಾಯಪಟ್ಟಣ, ಮೇಷ್ಟ್ರಿಗೆ ಪಕ್ಕದ ತಾಲೂಕು. ಕೊಲೈಟಿಸ್, 11 ವರ್ಷ.

ಇಲ್ಲಿ ಅಂಗವಿಕಲರ ಶೌಚಾಲಯಗಳಿಗೆ ಎಲ್ಲಾ ಕಡೆ ಒಂದೇ ಥರದ ಕೀಲಿ, ರಾಡಾರ್ ಕೀ ಅನ್ನುತ್ತಾರೆ. ನಮ್ಮಂಥವರೂ ತೆಗೆದುಕೊಳ್ಳಬಹುದು. ರೋಗಿಗಳ ಸಂಘದವರು ಒಂದು ಕಾರ್ಡನ್ನೂ ಕೊಡುತ್ತಾರೆ. ಅಂಗಡಿಯವನಿಗೆ ತೋರಿಸಿದರೆ ಮಾತಾಡುವ ಅಗತ್ಯ ಇಲ್ಲದೆ ಒಳಗೆ ಬಿಡುತ್ತಾನೆ, ಹೆಚ್ಚು ಸಲ. ಆ ಕೀಲಿ ನನ್ನ ಜೇಬಿಗೆ ಬಂದ ಮೇಲೆ ನಾನು ಅದನ್ನು ಬಳಸಿದ್ದು ತೀರಾ ಕಡಿಮೆ. ಆದರೆ ಅದು ಇದೆ ಅನ್ನುವುದಕ್ಕೇ ಹೊರಗೆ ಹೋಗಲು ಶುರು ಮಾಡಿದೆ. ನಿಮ್ಮ ಚೀಲದ ಪ್ಯಾಂಟು ಅದೇ ಕೆಲಸ ಮಾಡುತ್ತಿದೆ ಮೇಷ್ಟ್ರೇ. ಅದನ್ನು ನಾಚಿಕೆ ಅಂತ ಯಾಕೆ ಹೊರುತ್ತೀರಿ?

ನಾನು ಇಲ್ಲಿ ಮಾತಿನ ಚಿಕಿತ್ಸೆಗೆ ಹೋದೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ನಾವೇ ಹೆಸರು ಬರೆಸಬಹುದು. ಹನ್ನೆರಡು ವಾರ, ಸಿಬಿಟಿ ಅಂತ. ಆಕೆ ನನಗೆ ಕೊಟ್ಟ ಮೊದಲ ಕೆಲಸ ಏನು ಗೊತ್ತಾ? ಶೌಚಾಲಯ ಎಲ್ಲಿದೆ ಅಂತ ನೋಡದೆ ಒಂದು ಅಂಗಡಿಯೊಳಗೆ ಹೋಗಿ ಐದು ನಿಮಿಷ ಇದ್ದು ಬಾ. ಬರೀ ಐದು ನಿಮಿಷ. ನನಗೆ ಬೆವರು ಕಿತ್ತುಕೊಂಡು ಬಂತು, ಹೊಟ್ಟೆ ಗುಡುಗುಟ್ಟಿತು. ಏನೂ ಆಗಲಿಲ್ಲ. ಮುಂದಿನ ವಾರ ಹತ್ತು ನಿಮಿಷ. ಆಮೇಲೆ ಒಂದು ಸಿನಿಮಾ, ಸಾಲಿನ ಮಧ್ಯದ ಸೀಟಿನಲ್ಲಿ. ಕರುಳು ವಾಸಿಯಾದ ಸುದ್ದಿ ಭಯಕ್ಕೆ ತಡವಾಗಿ ತಲುಪುತ್ತದೆ, ಇದು ಆಕೆ ಅಂದ ಮಾತಲ್ಲ, ನನಗೆ ಅನಿಸಿದ್ದು.

ಆದರೆ ಮಾತಿನ ಭಾಷೆ ಇಂಗ್ಲಿಷ್ ಆಗಿತ್ತಲ್ಲ, ಅದೊಂದು ಕೊರತೆ. 'ಹೊಟ್ಟೆ ಉರಿ', 'ಕರುಳು ಹಿಂಡಿತು', 'ಕರುಳು ಚುರ್ ಅಂತು', ಇವೆಲ್ಲ ಆಕೆಗೆ ಹೇಗೆ ಹೇಳುವುದು? ನಮಗೆ ದುಃಖ ಆಗುವುದೇ ಕರುಳಿನಲ್ಲಿ.

ಜೋಳದ ರೊಟ್ಟಿ | ಮಂಗಳವಾರ ರಾತ್ರಿ 9:30

ಕೀಲಿ ಎಲ್ಲಾ ಛಲೋ ಐತಿ ಲೀಡ್ಸ್ ಅಣ್ಣ. ಇಲ್ಲಿ ಕೀಲಿ ಸಿಕ್ಕರೂ ಒಳಗೆ ನೀರಿರುವುದಿಲ್ಲ. ಅದಕ್ಕೇ ಎರಡು ಲೀಟರ್ ಬಾಟಲಿ.

ನನ್ನ ಉಪಾಯ ಕೇಳ್ರಿ. ಒಂದು ಹಳೇ ಡೈರಿಯಲ್ಲಿ ನನ್ನ ರೂಟಿನ ಎಲ್ಲಾ ಪೆಟ್ರೋಲ್ ಬಂಕು ಬರೆದೀನಿ. ಯಾವುದರಲ್ಲಿ ನೀರು, ಯಾವುದರಲ್ಲಿ ಚಿಲಕ, ಯಾವುದರಲ್ಲಿ ಮಾಲಕ ಮುಖ ಸಿಂಡರಿಸುತ್ತಾನೆ. ನಮ್ಮ ದಾರಿಗೆ ಬೇಕಾದರೆ ಯಾರಾದರೂ ಕೇಳ್ರಿ. ಆರು ವರ್ಷದ ಸರ್ವೆ ಅದು.

ಮಂಕು ನನಗೂ ಬಂದಿತ್ತು. ನಾನು ಕುಡಿದೆ. ನಾಲ್ಕು ತಿಂಗಳು ಕುಡಿದೆ. ಹೊಟ್ಟೆ ಮತ್ತ ಕೆರಳಿತು, ಮಂಕು ಎರಡರಷ್ಟಾಯಿತು, ಗಾಡಿ ಕಂತು ಬಾಕಿ ಬಿತ್ತು. ಆ ದಾರಿ ನೋಡಿ ಬಂದೀನಿ, ಅಲ್ಲೇನೂ ಇಲ್ಲ.

ಉಪ್ಪಿನಕಾಯಿ ಬೇಡ | ಬುಧವಾರ ಬೆಳಿಗ್ಗೆ 7:20

ಒಂದು ಸಂದೇಹ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂತು: ಸೆರೊಟೋನಿನ್ ಅನ್ನುವ ಖುಷಿಯ ರಸಾಯನ 90 ಭಾಗ ಹೊಟ್ಟೆಯಲ್ಲೇ ತಯಾರಾಗುತ್ತದಂತೆ. ಅದಕ್ಕೇ ಹೊಟ್ಟೆ ಕೆಟ್ಟರೆ ಖುಷಿ ಹೋಗುತ್ತದಂತೆ. ನಿಜವಾ?

ಎರಡನೇ ಪಾಳಿ | ಬುಧವಾರ ಮಧ್ಯಾಹ್ನ 3:15

ಅರ್ಧ ನಿಜ. ಸೆರೊಟೋನಿನ್‌ನ ಬಹುಪಾಲು ಕರುಳಿನಲ್ಲೇ ಆಗುವುದು ಹೌದು. ಆದರೆ ಅದು ರಕ್ತದಿಂದ ಮೆದುಳಿನೊಳಗೆ ದಾಟುವುದಿಲ್ಲ. ಮೆದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಕರುಳಿನಲ್ಲಿ ಅದರ ಕೆಲಸ ಬೇರೆ, ಆಹಾರವನ್ನು ಮುಂದೆ ತಳ್ಳುವುದು ಅಂಥದ್ದು.

ಹೊಟ್ಟೆಗೂ ತಲೆಗೂ ಸಂಬಂಧ ಬೇರೆ ದಾರಿಗಳಲ್ಲಿದೆ. ವೇಗಸ್ ಅಂತ ಒಂದು ಉದ್ದನೆಯ ನರ, ಕರುಳಿನ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತದೆ. ಉರಿಯೂತ ಆದಾಗ ದೇಹ ಬಿಡುವ ರಾಸಾಯನಿಕಗಳು ಮೆದುಳಿನ ಮೇಲೂ ಕೆಲಸ ಮಾಡುತ್ತವೆ. ಫ್ಲೂ ಬಂದಾಗ ಯಾರೂ ಬೇಡ, ಏನೂ ಬೇಡ, ಹೊದ್ದು ಮಲಗಬೇಕು ಅನಿಸುತ್ತದಲ್ವಾ, ಅದರ ತಮ್ಮನ ಹಾಗೆ. ಸಂಬಂಧ ಎರಡೂ ಕಡೆಗೆ ಹರಿಯುತ್ತದೆ. ಕಾಯಿಲೆ ಕೆರಳಿದರೆ ಮನಸ್ಸು ಕುಗ್ಗುತ್ತದೆ. ಮನಸ್ಸು ಕುಗ್ಗಿದವರಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ. ಮಾತ್ರೆ ಮರೆಯುವುದೂ ಅದಕ್ಕೆ ಒಂದು ಕಾರಣ.

ಎಷ್ಟು ಜನರಿಗೆ ಹೀಗೆ ಅಂತ ಕೇಳಿದರೆ, ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಐಬಿಡಿ ಇರುವ ಸುಮಾರು ನಾಲ್ಕು ಜನರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣ ಕಂಡಿವೆ. ಆತಂಕ ಇನ್ನೂ ಜಾಸ್ತಿ, ಮೂವರಲ್ಲಿ ಒಬ್ಬರಿಗೆ. ಆದರೆ ನಮ್ಮ ವಾರ್ಡಿನಲ್ಲಿ ತಾನಾಗಿ ಬಾಯಿಬಿಟ್ಟು ಹೇಳುವವರು ಕೈಬೆರಳಿನಷ್ಟು. ಹತ್ತು ಸಲ ಹೋದೆ ಅಂತ ಹೇಳುತ್ತಾರೆ, ಹತ್ತು ಸಲ ಅತ್ತೆ ಅಂತ ಹೇಳುವುದಿಲ್ಲ.

ಚೀಲದ ಚೆಲುವೆ | ಬುಧವಾರ ಸಂಜೆ 6:00

ಹೆಸರು ನಾನೇ ಇಟ್ಟುಕೊಂಡಿದ್ದು, ಯಾರೂ ಪಾಪ ಅನ್ನಬೇಡಿ.

ನನ್ನ ದೊಡ್ಡ ಕರುಳು ತೆಗೆದು ಮೂರು ವರ್ಷ. ಹೊಟ್ಟೆಯ ಬಲಗಡೆ ಇಲಿಯಾಸ್ಟಮಿ, ಅಂದರೆ ಮಲ ಹೊರಗೆ ಬರಲು ಮಾಡಿದ ದಾರಿ, ಅದಕ್ಕೊಂದು ಚೀಲ. ಆಪರೇಷನ್ ಅಂದಾಗ ನಾನು ಅತ್ತಷ್ಟು ಅಳುವನ್ನು ಕೂಡಿಟ್ಟಿದ್ದರೆ ನಮ್ಮೂರ ಕೆರೆ ಕೋಡಿ ಬೀಳುತ್ತಿತ್ತು. ಮೈಸೂರಿನಲ್ಲಿ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಈಗ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುತ್ತೇನೆ, ಮೊದಲು ಅರ್ಧ ಗಂಟೆ ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ಉಪ್ಪು ನೀರು ಜಾಸ್ತಿ ಕುಡಿಯಬೇಕು. ನಾರಿನ ತರಕಾರಿ ಅಗಿದು ತಿನ್ನಬೇಕು, ಹಲಸಿನ ಹಣ್ಣು ಕಂಡರೆ ದೂರದಿಂದ ನಮಸ್ಕಾರ. ಅಷ್ಟೇ.

ಪೂರ್ತಿ ಸುಖ ಅಂತ ಸುಳ್ಳು ಹೇಳುವುದಿಲ್ಲ. ಒಂದು ಸಲ ಬಸ್ಸಿನಲ್ಲಿ ಸೋರಿತು. ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ನಾಲ್ಕನೇ ದಿನ ಎದ್ದಿದ್ದು ಧೈರ್ಯದಿಂದ ಅಲ್ಲ, ಅಂಗಡಿಯಲ್ಲಿ ಆಷಾಢದ ಸೇಲ್ ಇತ್ತು, ಸಂಬಳ ಕಟ್ ಆಗುತ್ತಿತ್ತು.

ಮೇಷ್ಟ್ರೇ, ನಿಮಗೆ ಬೇಜಾರಾದಾಗ ಒಬ್ಬರ ಕಥೆ ಹೇಳುತ್ತೇನೆ. ಜಪಾನಿನ ಪ್ರಧಾನಿ ಆಗಿದ್ದ ಶಿಂಜೊ ಅಬೆಗೂ ನಮ್ಮದೇ ಕೊಲೈಟಿಸ್. 2007ರಲ್ಲಿ ಒಂದೇ ವರ್ಷಕ್ಕೆ ಕುರ್ಚಿ ಬಿಟ್ಟರು. ಎಲ್ಲರೂ ಮುಗಿಯಿತು ಅಂದುಕೊಂಡರು. ಹೊಸ ಔಷಧಿ ಸಿಕ್ಕಿತು, 2012ರಲ್ಲಿ ವಾಪಸ್ ಬಂದು ಅಲ್ಲಿ ಯಾರೂ ಇರದಷ್ಟು ಕಾಲ ಪ್ರಧಾನಿಯಾಗಿದ್ದರು. 2020ರಲ್ಲಿ ಮತ್ತೆ ಕೆರಳಿತು, ಮತ್ತೆ ಬಿಟ್ಟರು. ಪಾರ್ಲಿಮೆಂಟಿನಲ್ಲಿ ಕೂತಾಗ ಅವರಿಗೂ ಬಾಗಿಲ ಕಡೆಗೇ ಕಣ್ಣು ಇದ್ದಿರಬೇಕು ಅಂತ ನನ್ನ ಊಹೆ.

ಆರೋಗ್ಯವೇ ಭಾಗ್ಯ | ಬುಧವಾರ ಸಂಜೆ 7:35

ಮಾತ್ರೆ ಬಿಡಿ ಅಂದಿದ್ದು ತಪ್ಪು. ವಾಪಸ್ ತೆಗೆದುಕೊಂಡಿದ್ದೇನೆ. ಐಬಿಎಸ್, ಐಬಿಡಿ ಬೇರೆ ಅಂತ ಗೊತ್ತಿರಲಿಲ್ಲ. ಪ್ರಾಣಾಯಾಮ ಮಾತ್ರ ಬಿಡಬೇಡಿ.

ನಿರ್ವಾಹಕ | ಬುಧವಾರ ಸಂಜೆ 7:50

ಈ ವೇದಿಕೆಯಲ್ಲಿ ಹೀಗೆ ಒಬ್ಬರು ಮಾತು ವಾಪಸ್ ತೆಗೆದುಕೊಂಡಿದ್ದು ನನ್ನ ನೆನಪಿನಲ್ಲಿ ಇದೇ ಮೊದಲು. ಚರ್ಚೆ ತೆರೆದೇ ಇರುತ್ತದೆ.

ಸೀಮೆಸುಣ್ಣ | ಮೂರು ವಾರದ ನಂತರ, ಶನಿವಾರ ಸಂಜೆ 5:10

ಎಲ್ಲರಿಗೂ ಉತ್ತರ ಕೊಡದೆ ಮಾಯವಾಗಿದ್ದೆ, ಕ್ಷಮಿಸಿ.

ಫೆರಿಟಿನ್ 9 ಬಂತು, ತೀರಾ ಕಡಿಮೆ! ಹಿಮೋಗ್ಲೋಬಿನ್ 10.4. ಮಾತ್ರೆ ನನ್ನ ಹೊಟ್ಟೆಗೆ ಆಗಿಬರುವುದಿಲ್ಲ ಅಂತ ಕಬ್ಬಿಣವನ್ನು ಡ್ರಿಪ್‌ನಲ್ಲಿ ಹಾಕಿಸಿದರು. ನನ್ನ ಡಾಕ್ಟರಿಗೆ ಸಿಸ್ಟರ್ ಹೇಳಿದ ಹಾಗೆಯೇ ಹೇಳಿದೆ, ರಕ್ತದ ವಿಷಯ ಹೇಳುವ ದನಿಯಲ್ಲಿ. ಅವರು ಪೆನ್ನು ಕೆಳಗಿಟ್ಟರು. "ಆರು ವರ್ಷದಲ್ಲಿ ನಾನು ಕೇಳಲೇ ಇಲ್ಲ ಅಲ್ವಾ" ಅಂದರು. ಅವರ ಮೇಲಿನ ಗೌರವ ಜಾಸ್ತಿ ಆಯಿತು.

ಮಂಗಳವಾರ ತಾಲೂಕು ಆಸ್ಪತ್ರೆಗೂ ಹೋದೆ. ಸಾಲಿನಲ್ಲಿ ನನ್ನ ಹಳೇ ವಿದ್ಯಾರ್ಥಿಯ ಅಮ್ಮ ಸಿಕ್ಕರು. ಓಡಿಹೋಗಬೇಕು ಅನಿಸಿತು. ಅವರೇ "ನಿದ್ದೆ ಬರಲ್ಲ ಸಾರ್, ಅದಕ್ಕೆ ಬರ್ತೀನಿ" ಅಂದರು. ನಾನೂ "ನನಗೂ ಸ್ವಲ್ಪ ಹಾಗೇ" ಅಂದೆ. ಒಳಗೆ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಯ ಒಂದು ಪಟ್ಟಿ ಕೊಟ್ಟರು, ಪಿಎಚ್‌ಕ್ಯೂ-9 ಅಂತೆ. ಕಳೆದ ಎರಡು ವಾರದಲ್ಲಿ ಯಾವುದೆಲ್ಲ ಎಷ್ಟು ದಿನ ಅನಿಸಿತು ಅಂತ. 27ಕ್ಕೆ 16 ಬಂತು. ಜೀವನದಲ್ಲಿ ಮೊದಲ ಸಲ ಅಂಕ ಜಾಸ್ತಿ ಬಂದದ್ದಕ್ಕೆ ಬೇಜಾರಾಯಿತು. ಒಂದು ಮಾತ್ರೆ ಶುರು ಮಾಡಿದ್ದಾರೆ, ಎಸ್ಸಿಟಾಲೋಪ್ರಾಮ್. ಪರಿಣಾಮ ಗೊತ್ತಾಗಲು ಕೆಲವು ವಾರ ಬೇಕು ಅಂದರು.

ಹೆಂಡತಿಗೆ ಫೋನ್ ಕೊಟ್ಟು ಓದಿಸಿದೆ. ಪ್ಯಾಂಟಿನ ವಿಷಯ ಅವಳಿಗೆ ಗೊತ್ತಿತ್ತು. 'ಅಡುಗೆಮನೆ ಕಿಟಕಿ'ಯವರೇ, ನಿಮಗೆ ನಮಸ್ಕಾರ ಹೇಳು ಅಂದಳು.

ಸೀಮೆಸುಣ್ಣ | ಐದು ದಿನದ ನಂತರ, ಗುರುವಾರ ರಾತ್ರಿ 1:30

ಸಿಸ್ಟರ್, ಇದ್ದೀರಾ? ನಿನ್ನೆಯಿಂದ ನಾಲ್ಕು ಸಲ ನೀರು ನೀರಾಗಿ ಹೋಗಿದೆ. ಮತ್ತೆ ಶುರುವಾಯಿತು ಅನಿಸುತ್ತದೆ. ಕೈ ನಡುಗುತ್ತಿದೆ. ಮನಸ್ಸಿನ ಮಾತ್ರೆ ತೆಗೆದುಕೊಳ್ಳಲೇಬಾರದಿತ್ತಾ?

ಎರಡನೇ ಪಾಳಿ | ಗುರುವಾರ ರಾತ್ರಿ 1:52

ಡ್ಯೂಟಿಯಲ್ಲಿದ್ದೇನೆ, ಹೇಳಿ. ರಕ್ತ ಇದೆಯಾ? ಜ್ವರ? ನಿದ್ದೆಯಿಂದ ಎಬ್ಬಿಸಿ ಕಳಿಸಿತಾ, ಅಥವಾ ಎದ್ದಿದ್ದಾಗಲೇ ಹೋದಿರಾ? ನೋವಿಗೆ ಅಂತ ಯಾವುದಾದರೂ ಮಾತ್ರೆ, ಬ್ರೂಫೆನ್ ಥರದ್ದು, ನುಂಗಿದಿರಾ?

ಸೀಮೆಸುಣ್ಣ | ಗುರುವಾರ ರಾತ್ರಿ 1:58

ರಕ್ತ ಇಲ್ಲ. ಜ್ವರ ಇಲ್ಲ. ಹಗಲು ಮೂರು, ರಾತ್ರಿ ಮಲಗುವ ಮುಂಚೆ ಒಂದು. ಬೇರೆ ಮಾತ್ರೆ ಇಲ್ಲ.

ಎರಡನೇ ಪಾಳಿ | ಗುರುವಾರ ರಾತ್ರಿ 2:04

ಈ ಮಾತ್ರೆಗಳು ಮೊದಲ ಒಂದೆರಡು ವಾರ ಹೊಟ್ಟೆಯನ್ನು ಸ್ವಲ್ಪ ಕದಡುತ್ತವೆ, ವಾಕರಿಕೆ, ಭೇದಿ. ಕೊಲೈಟಿಸ್ ಇಲ್ಲದವರಿಗೂ ಆಗುತ್ತದೆ, ಅವರು ಲೆಕ್ಕಕ್ಕೇ ಇಡುವುದಿಲ್ಲ. ನೀವು ಎಣಿಸುತ್ತೀರಿ, ಗಣಿತದ ಮೇಷ್ಟ್ರು ಬೇರೆ. ನಾನು ಇಲ್ಲಿಂದ ನೋಡಿ ಹೇಳಲು ಬರುವುದಿಲ್ಲ, ಬೆಳಿಗ್ಗೆ ಎರಡೂ ಡಾಕ್ಟರಿಗೆ ತಿಳಿಸಿ. ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಜ್ವರ ಬಂದರೆ ಕಾಯಬೇಡಿ. ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಈಗ ಒಂದು ಲೋಟ ಉಪ್ಪು ಸಕ್ಕರೆ ನೀರು ಕುಡಿದು ಮಲಗಿ. ಹೆಂಡತಿ ಎದ್ದಿದ್ದಾರಾ?

ಸೀಮೆಸುಣ್ಣ | ಗುರುವಾರ ರಾತ್ರಿ 2:06

ಪಕ್ಕದಲ್ಲೇ ಕೂತು ಇದನ್ನು ಓದುತ್ತಿದ್ದಾಳೆ.

ಉಪ್ಪಿನಕಾಯಿ ಬೇಡ | ಶುಕ್ರವಾರ ಬೆಳಿಗ್ಗೆ 8:10

ಪಕ್ಕದ ವಿಷಯ, ಆದರೆ ಕೆಲವರಿಗೆ ಉಪಯೋಗ ಆಗಬಹುದು. ಮನಸ್ಸಿನ ಕಾಯಿಲೆಗೆ ತೋರಿಸಿದರೆ ವಿಮೆ ಸಿಗುವುದಿಲ್ಲ ಅಂತ ನಾನು ಎರಡು ವರ್ಷ ಮುಂದೂಡಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಟ್ಟ ಹಾಗೆಯೇ ಇದಕ್ಕೂ ಕೊಡಬೇಕು. ಪಾಲಿಸಿಯ ಸಣ್ಣ ಅಕ್ಷರ ಓದಿಕೊಳ್ಳಿ, ಹೊರರೋಗಿ ಖರ್ಚು ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ. ಇನ್ನು ಅಂಗವಿಕಲರ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ನಮ್ಮ ಕಾಯಿಲೆ ಇಲ್ಲ. ಅದಕ್ಕಾಗಿ ನಾನು ಅಲೆದಿದ್ದೇನೆ, ನೀವು ಅಲೆಯಬೇಡಿ.

ಸೀಮೆಸುಣ್ಣ | ಎರಡು ತಿಂಗಳ ನಂತರ, ಭಾನುವಾರ ಬೆಳಿಗ್ಗೆ 10:00

ಆ ರಾತ್ರಿಯ ಭೇದಿ ಐದಾರು ದಿನಕ್ಕೆ ನಿಂತಿತು. ಪರೀಕ್ಷೆ ಮತ್ತೆ ಮಾಡಿಸಿದೆ, ಕರುಳು ತಣ್ಣಗೇ ಇದೆ. 16 ಇದ್ದ ಅಂಕ ಈಗ 8. ಕೆಟ್ಟ ದಿನ ಇಲ್ಲ ಅಂತಲ್ಲ, ಹೋದ ವಾರವೇ ಎರಡು ದಿನ ಸುಮ್ನೆ ಗೋಡೆ ನೋಡುತ್ತಾ ಕೂತಿದ್ದೆ. ಏಳುವುದು ಈಗ ಐದೂಮುಕ್ಕಾಲಿಗೆ. ಲೀಡ್ಸ್ ಅಣ್ಣನ ಲೆಕ್ಕದ ಹಾಗೆ ವಾರಕ್ಕೆ ಹದಿನೈದು ನಿಮಿಷ ಮುಂದೂಡುತ್ತಾ ಬಂದೆ.

ನಮ್ಮ ಹೆಡ್‌ಮೇಡಂಗೂ ಹೇಳಿದೆ. ನಾಲ್ಕು ದಿನ ಅವರ ಕೋಣೆಯ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದೆ. ಐದನೇ ದಿನ ಒಳಗೆ ಹೋಗಿ, ಕಾಯಿಲೆಯ ಹೆಸರು, ಮೈದಾನದ ಆ ತುದಿ, ಎಲ್ಲಾ ಒಂದೇ ಉಸಿರಿಗೆ ಹೇಳಿದೆ. ಅವರು ಕನ್ನಡಕ ತೆಗೆದು, "ಅಷ್ಟೇನಾ? ನೀವು ಪದೇ ಪದೇ ಹೊರಗೆ ಹೋಗೋದು, ಕಣ್ಣು ಕೆಂಪಗಿರೋದು ನೋಡಿ ನಿಮಗೆ ಕುಡಿತ ಜಾಸ್ತಿ ಆಗಿದೆ ಅಂದುಕೊಂಡಿದ್ದೆ ಮೇಷ್ಟ್ರೇ" ಅಂದರು. ಎರಡು ವರ್ಷ ನಾನು ಮುಚ್ಚಿಟ್ಟಿದ್ದು ಕಾಯಿಲೆ, ಊರಿಗೆ ಕಂಡಿದ್ದು ಕುಡಿತ. ಮರುದಿನವೇ ನನ್ನ ತರಗತಿಯನ್ನು ಕೆಳಗಿನ ಕೋಣೆಗೆ ಬದಲಾಯಿಸಿದರು, ಪಕ್ಕದಲ್ಲೇ ಸಿಬ್ಬಂದಿ ಶೌಚಾಲಯ. ಚಿಲಕ ಇರಲಿಲ್ಲ, ನಾನೇ ತಂದು ಹಾಕಿದೆ.

ಈಗ ಒಂದು ಸಹಾಯ ಬೇಕು. ಮುಂದಿನ ತಿಂಗಳು ಶಾಲೆಯ ಪ್ರವಾಸ: ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ನಾಲ್ಕು ವರ್ಷದಿಂದ ಏನಾದರೂ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಹೆಸರು ಕೊಟ್ಟಿದ್ದೇನೆ. ಒಂದು ಬಸ್ಸು, 48 ಮಕ್ಕಳು. ಬಾಹುಬಲಿ ಬೆಟ್ಟದ ಮೆಟ್ಟಿಲು ನೆನೆಸಿಕೊಂಡರೆ ಈಗಲೇ ಹೊಟ್ಟೆ ಗುಡುಗುಡು ಅನ್ನುತ್ತಿದೆ.

ಮಳೆಯೂರು | ಭಾನುವಾರ ಮಧ್ಯಾಹ್ನ 1:20

ನಮ್ಮೂರ ಪಕ್ಕದ ಬೆಟ್ಟ! ಬೆಳಿಗ್ಗೆ ಬೇಗ ಹತ್ತಿ, ಬಿಸಿಲಿಗೆ ಬಂಡೆ ಕಾಯುತ್ತದೆ, ಬರಿಗಾಲು ಬೇರೆ. ಹತ್ತುವ ಮುಂಚೆ ಕೆಳಗೇ ಹೋಗಿಬನ್ನಿ. ಆಗದಿದ್ದರೆ ಹತ್ತಲೇಬೇಡಿ, ಮಕ್ಕಳ ಚಪ್ಪಲಿ ಕಾಯುವವರೂ ಒಬ್ಬರು ಬೇಕಲ್ವಾ.

ಚೀಲದ ಚೆಲುವೆ | ಭಾನುವಾರ ಮಧ್ಯಾಹ್ನ 2:00

ಡ್ರೈವರಿಗೆ ಮೊದಲೇ ಹೇಳಿ. ನನ್ನ ಅನುಭವ: ಡ್ರೈವರುಗಳು ಸಂಬಂಧಿಕರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಜೋಳದ ರೊಟ್ಟಿ | ಭಾನುವಾರ ರಾತ್ರಿ 9:05

ಅದು ಖರೇ ಐತಿ. ನಿಮ್ಮ ಕಡೆ ರೂಟು ನನಗೆ ಗೊತ್ತಿಲ್ಲ ಮೇಷ್ಟ್ರ, ಆದರೆ ಹಾಸನದ ಕಡೆ ಓಡಿಸುವ ಒಬ್ಬ ದೋಸ್ತ ಇದ್ದಾನೆ. ಬಂಕುಗಳ ಪಟ್ಟಿ ಬರೆಸಿ ಹಾಕುತ್ತೇನೆ, ನೀರು, ಚಿಲಕ ಎಲ್ಲಾ ವಿವರದ ಸಮೇತ.

ಮತ್ತ ಪ್ಯಾಂಟು ಎರಡು ಇಟ್ಟುಕೊಳ್ಳಿ. ಒಂದು ನಿಮಗೆ. ಇನ್ನೊಂದು, ಬಸ್ಸು ತಿರುವಿಗೆ ಬಂದಾಗ ನಿಮ್ಮ ಮಗ್ಗುಲಲ್ಲಿ ಕೂತು ವಾಂತಿ ಮಾಡಿಕೊಳ್ಳುವ ಹುಡುಗನಿಗೆ.